ಅರಗಿನ ತಟ್ಟೆಯೊಳಗಿನ ದನಿ

ದಾಂಡೇಲಿ ಬಳಿಯ ಕೋಗಿಲಬನದಿಂದ ಒಬ್ಬ ತಂದೆಯವರು ಪತ್ರ ಬರೆದಿದ್ದಾರೆ. ಮಗ ಪಿಯುಸಿ ಎರಡನೆಯ ವರ್ಷ, ವಿಜ್ಞಾನ ವಿಭಾಗ. ಹುಡುಗ ಬುದ್ಧಿವಂತ, ಕೆಟ್ಟ ಚಟಗಳಿಲ್ಲ. ಆದರೆ ಒಂದು ಹುಚ್ಚು ಹಿಡಿದಿದೆ: ಎಲ್ವಿಸ್ ಪ್ರೀಸ್ಲಿ ಎಂಬ ಅಮೆರಿಕದ ಹಾಡುಗಾರನ ಹಳೆಯ ಗ್ರಾಮಾಫೋನ್ ರೆಕಾರ್ಡುಗಳನ್ನು ಕೂಡಿಹಾಕಬೇಕಂತೆ. ಹುಬ್ಬಳ್ಳಿ, ಧಾರವಾಡದ ಗುಜರಿ ಅಂಗಡಿಗಳಿಗೆ ಹೋಗಿ ಬರುತ್ತಾನೆ, ಬಸ್ಸಿನ ಹಣವೂ ದಂಡ, ರವಿವಾರವೂ ದಂಡ. ‘ಈ ಹಳೇ ಪ್ಲೇಟು ಕೂಡಿಹಾಕುವುದರಿಂದ ಮುಂದೆ ಏನು ಪ್ರಯೋಜನ? ಅಟ್ಟದ ಮೇಲೆ ನಮ್ಮ ತಂದೆಯವರ ಕಾಲದ ಒಂದು ಟ್ರಂಕು ಪ್ಲೇಟುಗಳಿವೆ, ಅವನ್ನೂ ಕೆಳಗಿಳಿಸಿ ಕೂತಿದ್ದಾನೆ. ಗುಜರಿಗೆ ಹಾಕಿಬಿಡಲೇ?’ ಎಂದು ಕೇಳಿದ್ದಾರೆ.

ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಹಾಕಬೇಡಿ. ಉಳಿದದ್ದನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ, ಏಕೆಂದರೆ ಇಂಥ ಟ್ರಂಕುಗಳು ಉತ್ತರ ಕರ್ನಾಟಕದ ಇನ್ನೂ ಎಷ್ಟೋ ಅಟ್ಟಗಳ ಮೇಲಿವೆ, ಮತ್ತು ಇಂಥ ಮಕ್ಕಳೂ ಅಲ್ಲಲ್ಲಿ ಇದ್ದಾರೆ.

ಹುಡುಗನ ತಲೆಗೆ ಈ ಹುಚ್ಚು ಹೊಕ್ಕಿದ್ದು ಎಲ್ಲಿಂದ ಎಂಬುದನ್ನು ಊಹಿಸುವುದು ಕಷ್ಟವಲ್ಲ. 1953ರಲ್ಲಿ ಅಮೆರಿಕದ ಮೆಂಫಿಸ್ ಪಟ್ಟಣದಲ್ಲಿ ಹದಿನೆಂಟು ವರ್ಷದ ಒಬ್ಬ ಬಡ ಹುಡುಗ ಸ್ಯಾಮ್ ಫಿಲಿಪ್ಸ್ ಎಂಬಾತನ ಚಿಕ್ಕ ಸ್ಟುಡಿಯೋಕ್ಕೆ ಹೋದ. ಅಲ್ಲಿ ಸುಮಾರು ನಾಲ್ಕು ಡಾಲರ್ ಕೊಟ್ಟರೆ ಯಾರು ಬೇಕಾದರೂ ತಮ್ಮ ಹಾಡನ್ನು ಒಂದು ತಟ್ಟೆಯ ಮೇಲೆ ಕೊರೆಸಿಕೊಳ್ಳಬಹುದಿತ್ತು. ಹುಡುಗ ಎರಡು ಹಾಡು ಹಾಡಿದ, ಮಗ್ಗುಲಿಗೊಂದರಂತೆ. ಮನೆಯಲ್ಲಿ ರೆಕಾರ್ಡ್ ಹಚ್ಚುವ ಯಂತ್ರವಿರಲಿಲ್ಲ. ಅದನ್ನು ಕೇಳಲು ಗೆಳೆಯನ ಮನೆಗೆ ಒಯ್ದ, ಅಲ್ಲಿಯೇ ಬಿಟ್ಟುಬಂದ. ಆ ಹುಡುಗನೇ ಎಲ್ವಿಸ್. ಮುಂದಿನ ವರ್ಷ, 1954ರ ಜುಲೈನಲ್ಲಿ, ಅದೇ ಫಿಲಿಪ್ಸ್ ಹೊರತಂದ ರೆಕಾರ್ಡಿನಿಂದ ಅವನ ಹೆಸರು ಊರಿಗೆಲ್ಲ ತಿಳಿಯಿತು. ಗೆಳೆಯನ ಮನೆಯ ತಟ್ಟೆಗೆ ಎರಡನೆಯ ಪ್ರತಿ ಇರಲಿಲ್ಲ. ಅದು ಅರವತ್ತು ವರ್ಷ ಹಾಗೆಯೇ ಉಳಿದು, 2015ರ ಜನವರಿ 8ರಂದು, ಎಲ್ವಿಸ್‌ನ ಎಂಬತ್ತನೆಯ ಹುಟ್ಟುಹಬ್ಬದ ದಿನ, 3 ಲಕ್ಷ ಡಾಲರಿಗೆ ಹರಾಜಾಯಿತು. ಕೊಂಡವನು ಜ್ಯಾಕ್ ವೈಟ್ ಎಂಬ ಇನ್ನೊಬ್ಬ ಸಂಗೀತಗಾರ. ಅದೇ ವರ್ಷ ಅದರ ನಕಲು ರೆಕಾರ್ಡುಗಳನ್ನು ಹೊರಡಿಸಿ ಎಲ್ಲರೂ ಕೇಳುವಂತೆ ಮಾಡಿದ.

ಆಗಿನ ಲೆಕ್ಕದಲ್ಲಿ ಅದು ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು. ಈ ಮೊತ್ತ ಕೇಳಿದ ಮೇಲೆ ಯಾವ ಹುಡುಗ ತಾನೇ ಗುಜರಿ ಅಂಗಡಿಗೆ ಓಡುವುದಿಲ್ಲ? ಆದರೆ ಈ ಆಸೆಯನ್ನು ಇಲ್ಲಿಯೇ ಕತ್ತರಿಸಿಬಿಡಬೇಕು. ಹಳೆಯ ರೆಕಾರ್ಡುಗಳಲ್ಲಿ ಬಹುಪಾಲು ಸಾವಿರಾರು, ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾದವು. ಹಳೆಯದಾದ ಮಾತ್ರಕ್ಕೆ ಅಪರೂಪವಲ್ಲ. ಹೆಚ್ಚಿನ ಸಿನಿಮಾ ಹಾಡಿನ ಪ್ಲೇಟುಗಳಿಗೆ ಇಂದು ಒಂದು ಊಟದ ಬೆಲೆಯೂ ಬರಲಾರದು. ದುಡ್ಡಿಗಾಗಿ ಈ ಕೆಲಸಕ್ಕೆ ಇಳಿದವರು ಬೇಗ ಬೇಸತ್ತು ಬಿಡುತ್ತಾರೆ. ಉಳಿಯುವವರು ಬೇರೆ ಕಾರಣಕ್ಕೆ ಉಳಿಯುತ್ತಾರೆ. ಆ ಕಾರಣ ಏನೆಂದು ಹೇಳುವುದೇ ಈ ವಾರದ ಉದ್ದೇಶ.

ಈ ಪ್ಲೇಟು ಯಾವುದರಿಂದ ಆಗಿದೆ ಗೊತ್ತೇ? ಇಂದಿನ ಹುಡುಗರಿಗೆ ಪ್ಲಾಸ್ಟಿಕ್ ಅನ್ನಿಸುತ್ತದೆ. ಅಲ್ಲ, ಅದು ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗೆ ಅಂಟಿಕೊಂಡು ರಸ ಹೀರುವ ಒಂದು ಚಿಕ್ಕ ಕೀಟ ತನ್ನ ಮೈಯಿಂದ ಸ್ರವಿಸುವ ಅಂಟು. ಬಳೆಗಾರರಿಗೆ ಬೇಕಾದದ್ದು ಅದೇ, ಅಂಚೆಯವರು ಚೀಲದ ಗಂಟಿಗೆ ಮೊಹರು ಹಾಕುತ್ತಿದ್ದದ್ದು ಅದರಿಂದಲೇ, ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದೂ ಅದರಿಂದಲೇ. ಈ ಅರಗನ್ನು ಕರಗಿಸಿ, ಕಲ್ಲಿನ ನುಣುಪಾದ ಪುಡಿ, ಕಾಡಿಗೆಯಂಥ ಮಸಿ, ಸ್ವಲ್ಪ ಹತ್ತಿಯ ಎಳೆ ಬೆರೆಸಿ, ಬಿಸಿಯಾಗಿರುವಾಗಲೇ ಲೋಹದ ಅಚ್ಚಿನಲ್ಲಿ ಒತ್ತಿದರೆ ರೆಕಾರ್ಡು ಸಿದ್ಧ. ನಿಮಿಷಕ್ಕೆ 78 ಸುತ್ತು. ಒಂದು ಮಗ್ಗುಲಿಗೆ ಸುಮಾರು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ.

ಜಗತ್ತಿನ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ದಾರಿ ಕಟ್ಟಿದಾಗ ಅಮೆರಿಕದ ಸರ್ಕಾರ 1942ರಲ್ಲಿ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಗೆ ಕಡಿವಾಣ ಹಾಕಬೇಕಾಯಿತು. ಹಳೆಯ ತಟ್ಟೆಗಳನ್ನು ಜನರಿಂದ ವಾಪಸು ಪಡೆದು, ಪುಡಿಮಾಡಿ, ಹೊಸ ತಟ್ಟೆ ಒತ್ತುತ್ತಿದ್ದರು. ಒಂದು ಹಾಡು ಹುಟ್ಟಲು ಇನ್ನೊಂದು ಹಾಡು ಸಾಯಬೇಕಾಗಿತ್ತು ಎನ್ನಿ. ಅಪರೂಪ ಎಂಬುದು ಹೀಗೆಯೇ ಹುಟ್ಟುವುದು: ಒಡೆದು, ಕರಗಿ, ಗುಜರಿಗೆ ಹೋಗಿ, ಉಳಿದದ್ದು ಅಪರೂಪ.

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಒಂದು ಲೆಕ್ಕವಿದೆ. ಹತ್ತು ಅಂಗುಲದ ತಟ್ಟೆಯಲ್ಲಿ ಹೊರಗಿನ ಸುತ್ತಿನ ತ್ರಿಜ್ಯ ಸುಮಾರು 12 ಸೆಂಟಿಮೀಟರ್, ಒಳಗಿನದು ಸುಮಾರು 6. ಮೂರು ನಿಮಿಷ ಹನ್ನೆರಡು ಸೆಕೆಂಡು ಓಡಿದರೆ 250 ಸುತ್ತು. ಸರಾಸರಿ ಸುತ್ತಳತೆಯಿಂದ ಗುಣಿಸಿ ನೋಡಿ. ಒಂದು ಮಗ್ಗುಲಿನ ಗೆರೆಯನ್ನು ಬಿಡಿಸಿ ನೆಲದ ಮೇಲೆ ಎಳೆದರೆ ಶಾಲೆಯ ನೂರು ಮೀಟರ್ ಓಟದ ದಾರಿಯನ್ನು ದಾಟಿ ಮುಂದೆ ಹೋಗುತ್ತದೆ. ಮುಳ್ಳು ಹೊರ ಅಂಚಿನಲ್ಲಿ ಓಡುವ ವೇಗ ಎಷ್ಟು, ಒಳ ಅಂಚಿನಲ್ಲಿ ಎಷ್ಟು, ಹಾಡಿನ ಕೊನೆಯ ಭಾಗ ಏಕೆ ಸ್ವಲ್ಪ ಮಸುಕಾಗಿ ಕೇಳುತ್ತದೆ ಎಂಬುದನ್ನು ಅವನೇ ಕಂಡುಕೊಳ್ಳಲಿ. ಅಲೆಗಳ ಪಾಠವನ್ನು ಬೆರಳಿನಿಂದ ಮುಟ್ಟಿ ನೋಡುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ?

ರಾಕ್ ಅಂಡ್ ರೋಲ್ ವಿಷಯಕ್ಕೆ ಬರೋಣ. ಆ ಸಂಗೀತದ ರೆಕಾರ್ಡು ಸಂಗ್ರಾಹಕರಿಗೆ ಭಾರತದ ಹೆಸರು ಚೆನ್ನಾಗಿ ಗೊತ್ತು. ಏಕೆಂದು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1960ರ ಹೊತ್ತಿಗೆ 78ರ ತಟ್ಟೆಗಳ ಕಾಲ ಮುಗಿಯಿತು. ನಿಮಿಷಕ್ಕೆ 45 ಸುತ್ತಿನ, ವಿದ್ಯುತ್ತಿನಿಂದ ಓಡುವ ಯಂತ್ರಕ್ಕೆ ಹೊಂದುವ ಪ್ಲಾಸ್ಟಿಕ್ ತಟ್ಟೆಗಳು ಬಂದವು. ಬೀಟಲ್ಸ್ ತಂಡದ ಮೊದಲ ರೆಕಾರ್ಡು ಅಲ್ಲಿ ಬಂದದ್ದು 1962ರ ಅಕ್ಟೋಬರಿನಲ್ಲಿ. ಅಂದರೆ ಅವರ ಹಾಡು ಅಲ್ಲಿ ಅರಗಿನ ತಟ್ಟೆಯ ಮೇಲೆ ಬರಲೇ ಇಲ್ಲ. ಆದರೆ ನಮ್ಮಲ್ಲಿ? ಊರೂರಿಗೆ ಕರೆಂಟು ಬಂದಿರಲಿಲ್ಲ. ಮನೆಗಳಲ್ಲಿದ್ದದ್ದು ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆ. ಅದಕ್ಕೆ 78ರ ತಟ್ಟೆಯೇ ಬೇಕು. ಆದ್ದರಿಂದ ಕಲ್ಕತ್ತೆಯ ಬಳಿ ಡಂಡಂನಲ್ಲಿದ್ದ ಗ್ರಾಮಾಫೋನ್ ಕಂಪನಿಯ ಕಾರ್ಖಾನೆ 1960ರ ದಶಕದಲ್ಲಿಯೂ ಅರಗಿನ ತಟ್ಟೆಗಳನ್ನು ಒತ್ತುತ್ತಲೇ ಇತ್ತು, ಬೀಟಲ್ಸ್ ಹಾಡುಗಳನ್ನೂ ಒತ್ತಿತು. ನಮ್ಮ ಕತ್ತಲೆಯ ಹಳ್ಳಿಗಳಿಂದಾಗಿ ಹುಟ್ಟಿದ ಆ ತಟ್ಟೆಗಳನ್ನು ಇಂದು ಲಂಡನ್ನಿನವರು, ಜಪಾನಿನವರು ಹುಡುಕಿಕೊಂಡು ಬರುತ್ತಾರೆ. ಕೋಗಿಲಬನದ ಹುಡುಗ ಅಟ್ಟದ ಟ್ರಂಕಿನಲ್ಲಿ ಇಂಗ್ಲಿಷ್ ಹೆಸರಿನ ತಟ್ಟೆ ಕಂಡರೆ ಎರಡು ಸಲ ನೋಡುವುದು ಒಳ್ಳೆಯದು.

ಆದರೂ, ಅವನ ಸ್ಥಾನದಲ್ಲಿ ನಾನಿದ್ದರೆ ಎಲ್ವಿಸ್‌ನನ್ನು ಹುಡುಕುತ್ತಿರಲಿಲ್ಲ. ಎಲ್ವಿಸ್‌ನಿಗೆ ಹುಡುಕುವವರು ಸಾವಿರಾರು ಮಂದಿ ಇದ್ದಾರೆ. ಅವನು ಒಂದು ದಿನ ಕೆಮ್ಮಿದ್ದಕ್ಕೂ ಪುಸ್ತಕಗಳಿವೆ. ಕೋಗಿಲಬನದಿಂದ ಹಳಿಯಾಳದ ಮೇಲೆ ಐವತ್ತು ಅರವತ್ತು ಕಿಲೋಮೀಟರ್ ಹೋದರೆ ಧಾರವಾಡ. ಒಂದೇ ಸೀಮೆಯಲ್ಲಿ ಅಷ್ಟು ಮಂದಿ ದೊಡ್ಡ ಹಾಡುಗಾರರು ಬೆಳೆದ ಜಾಗ ದೇಶದಲ್ಲಿ ಹೆಚ್ಚಿಲ್ಲ. ಅವರ ಮೊದಲ ದನಿಗಳು ಇದೇ ಅರಗಿನ ತಟ್ಟೆಗಳಲ್ಲಿವೆ.

ಗಂಗೂಬಾಯಿ ಹಾನಗಲ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತದ ಹಾಡು ಹಾಡಿದ ಬಾಲಕಿ. 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಳ್ಳುವಾಗ 96 ವರ್ಷ. ಅವರ ದನಿ ಎಂದರೆ ನಮ್ಮ ನೆನಪಿಗೆ ಬರುವುದು ಗಂಭೀರವಾದ, ಗಂಡುದನಿಯೇನೋ ಎನ್ನಿಸುವ ಆ ತುಂಬು ಕಂಠ. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ‘ಯಾರು ಈ ಬುವಾ?’ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಅದು ಅವರ ಹುಟ್ಟುದನಿಯಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ಇಳಿಯಿತು. ಅದಕ್ಕೆ ಮೊದಲು ಅವರ ಕಂಠ ತೆಳು, ಎತ್ತರ, ಮೊನಚು.

ಅದನ್ನು ಕೇಳಬೇಕಾದರೆ ದಾರಿ ಒಂದೇ. 1930ರ ದಶಕದ ಮೊದಲ ವರ್ಷಗಳಲ್ಲಿ ಎಚ್.ಎಂ.ವಿ. ಕಂಪನಿ ಹೊರಡಿಸಿದ ಅವರ ರೆಕಾರ್ಡುಗಳು. ಆಗ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸು. ಆ ರೆಕಾರ್ಡಿನ ಲೇಬಲ್ ಮೇಲೆ ‘ಗಂಗೂಬಾಯಿ ಹಾನಗಲ್’ ಎಂಬ ಹೆಸರು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಹುಬ್ಬಳ್ಳಿಯ ಗಾಂಧಾರಿ. ಹೆಸರು ಗೊತ್ತಿಲ್ಲದವನು ಆ ತಟ್ಟೆಯನ್ನು ‘ಯಾರೋ ಗಾಂಧಾರಿಯಂತೆ’ ಎಂದು ಪಕ್ಕಕ್ಕಿಡುತ್ತಾನೆ. ಗುಜರಿಯವನು ತೂಕಕ್ಕೆ ಹಾಕುತ್ತಾನೆ.

ಇಲ್ಲಿ ಪಣಕ್ಕಿರುವುದು ಏನು ಎಂದು ಯೋಚಿಸಿ. ಆಮೇಲಿನ ಗಂಗೂಬಾಯಿಯವರ ಹಾಡು ಬೇಕಾದಷ್ಟಿದೆ: ಆಕಾಶವಾಣಿಯ ಧ್ವನಿಮುದ್ರಣಗಳು, ದೊಡ್ಡ ತಟ್ಟೆಗಳು, ಕ್ಯಾಸೆಟ್ಟುಗಳು. ಆದರೆ ಸವಾಯಿ ಗಂಧರ್ವರ ಬಳಿ ಕ್ರಮವಾದ ಪಾಠ ಆರಂಭವಾಗುವುದಕ್ಕೆ ಮೊದಲು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತ ಆ ವರ್ಷಗಳಿಗೆ ಮೊದಲು, ಆ ಹುಡುಗಿ ಹೇಗೆ ಹಾಡುತ್ತಿದ್ದಳು? ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಆ ಮನೆಯ ಗುಂಗು ಎಷ್ಟು ಉಳಿದಿತ್ತು? ಗುರುವಿನಿಂದ ಬಂದದ್ದು ಎಷ್ಟು, ತಾನೇ ದುಡಿದು ಮಾಡಿಕೊಂಡದ್ದು ಎಷ್ಟು? ಈ ಪ್ರಶ್ನೆಗಳಿಗೆ ಯಾವ ಪುಸ್ತಕವೂ ಪೂರ್ತಿ ಉತ್ತರ ಹೇಳಲಾರದು. ಮೂರು ಮೂರು ನಿಮಿಷದ ಆ ತಟ್ಟೆಗಳು ಹೇಳುತ್ತವೆ. ತಟ್ಟೆ ಒಡೆದರೆ ಆ ಹುಡುಗಿಯ ದನಿಯೂ ಒಡೆದಂತೆಯೇ.

ಇನ್ನೊಂದು ಸೂಕ್ಷ್ಮವಿದೆ. ತಟ್ಟೆಯನ್ನು ತುಸು ವೇಗವಾಗಿ ಓಡಿಸಿದರೆ ಯಾರ ದನಿಯಾದರೂ ತೆಳುವಾಗುತ್ತದೆ. ಹೀಗಾಗಿ ಹಳೆಯ ರೆಕಾರ್ಡು ಕೇಳಿ ‘ಆಹಾ, ಎಂಥ ಎತ್ತರದ ದನಿ’ ಎನ್ನುವ ಮೊದಲು ಯಂತ್ರದ ವೇಗ ಸರಿಯಿದೆಯೇ ನೋಡಬೇಕು. ಕೊಂಬಿನ ಮುಂದೆ ಕೂತು ಹಾಡುತ್ತಿದ್ದ 1925ಕ್ಕೆ ಹಿಂದಿನ ಕಾಲದಲ್ಲಿ ವೇಗ ಒಂದೇ ಸಮನಾಗಿರಲಿಲ್ಲ, ನಿಮಿಷಕ್ಕೆ ಎಪ್ಪತ್ತೋ ಎಂಬತ್ತೋ ಇರುತ್ತಿತ್ತು. ಮೈಕ್ರೋಫೋನು ಬಂದ ಮೇಲೆ 78 ಎಂಬುದು ಗಟ್ಟಿಯಾಯಿತು. ಗಾಂಧಾರಿಯ ರೆಕಾರ್ಡುಗಳು ಈ ಎರಡನೆಯ ಕಾಲದವು, ಆದ್ದರಿಂದ ಅವುಗಳ ಮಾತನ್ನು ಹೆಚ್ಚು ನಂಬಬಹುದು. ಸಂಗ್ರಹ ಎಂದರೆ ಕಪಾಟು ತುಂಬುವುದಲ್ಲ, ಇಂಥ ಅನುಮಾನಗಳನ್ನು ಸಾಕುವುದು.

ಮಲ್ಲಿಕಾರ್ಜುನ ಮನಸೂರರ ಕಥೆಯೂ ಬಹುಮಟ್ಟಿಗೆ ಇದೇ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತು, 1930ರ ದಶಕದಲ್ಲಿ ಎಚ್.ಎಂ.ವಿ.ಗೆ ಹಾಡಿದರು. ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರ ಶಿಷ್ಯತ್ವದಿಂದ ಗಾಯನದ ದಿಕ್ಕೇ ಬದಲಾಯಿತು. ಹಳೆಯ ಮನಸೂರರನ್ನು ಕೇಳಿದ ಮೇಲೆ ಹೊಸ ಮನಸೂರರನ್ನು ಕೇಳಬೇಕು, ಆಗಲೇ ಅವರು ದಾಟಿದ ದೂರ ತಿಳಿಯುವುದು.

ತಂದೆಯವರು ಗಾಬರಿಯಾಗುವಂಥ ಒಂದು ಮಾತನ್ನೂ ಹೇಳಿಬಿಡಬೇಕು. ಗದುಗಿನ ಒಬ್ಬ ಹುಡುಗ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ, ಹಾಗೆ ಹಾಡಬೇಕೆಂಬ ಹಟ ಹಿಡಿದು, ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಅವರೇ ಭೀಮಸೇನ ಜೋಶಿ. ಮನೆಯವರು ಪಟ್ಟ ಪಾಡು ಕಡಿಮೆಯದಲ್ಲ. ಅದಕ್ಕೆ ಹೋಲಿಸಿದರೆ ರವಿವಾರ ಸಂಜೆಗೆ ಮನೆಗೆ ವಾಪಸು ಬರುವ ಮಗ ಎಷ್ಟೋ ಮೇಲು.

ಹೆಸರಿನ ಗೊಂದಲ ಗಾಂಧಾರಿಗೆ ಮಾತ್ರವಲ್ಲ. ‘ಗೋಹರ್’ ಎಂದು ಬರೆದ ತಟ್ಟೆ ಸಿಕ್ಕಿದರೆ ಯಾವ ಗೋಹರ್? ಕಲ್ಕತ್ತೆಯ ಗೌಹರ್ ಜಾನ್ ಒಬ್ಬರು. ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ ಇನ್ನೊಬ್ಬರು. ಇವರ ಅಕ್ಕ-ತಂಗಿಯ ಜೋಡಿಯಲ್ಲಿ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದಿಂದ ದೇಶಕ್ಕೇ ಪರಿಚಿತರಾದರು. ಗೌಹರ್ ಜಾನ್ 1902ರ ನವೆಂಬರಿನಲ್ಲಿ, ಫ್ರೆಡ್ ಗೈಸ್‌ಬರ್ಗ್ ಎಂಬಾತ ಲಂಡನ್ನಿನಿಂದ ಯಂತ್ರ ಹೊತ್ತು ತಂದಾಗ, ಕಲ್ಕತ್ತೆಯಲ್ಲಿ ಹಾಡಿದವರು. ಭಾರತದಲ್ಲಿ ಮೊಟ್ಟಮೊದಲು ರೆಕಾರ್ಡು ಕೊಟ್ಟ ಕೆಲವೇ ಮಂದಿಯಲ್ಲಿ ಒಬ್ಬರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ಅದು ಜಂಬವಲ್ಲ. ಆಗ ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಎಂದು ತಿಳಿಯಲು ಆ ಕೂಗು ಬೇಕಾಗಿತ್ತು. ಅಷ್ಟು ಹೆಸರು ಮಾಡಿದ ಆಕೆ ಕೊನೆಗಾಲಕ್ಕೆ ಬಂದದ್ದು ನಮ್ಮ ಮೈಸೂರಿಗೆ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಅವರ ಬದುಕನ್ನು ವಿಕ್ರಮ್ ಸಂಪತ್ 2010ರಲ್ಲಿ ಪುಸ್ತಕವಾಗಿ ಬರೆದರು. ಆ ಹುಡುಕಾಟದ ಬೆನ್ನಿಗೇ ಹಳೆಯ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿ ಕಾಪಾಡುವ ಒಂದು ಸಂಗ್ರಹಾಲಯವನ್ನೂ ಬೆಂಗಳೂರಿನಲ್ಲಿ ಆರಂಭಿಸಿದರು. ಮುಂಬಯಿಯಲ್ಲಿ 1990ರಲ್ಲಿಯೇ ರೆಕಾರ್ಡು ಸಂಗ್ರಾಹಕರ ಸಂಘ ಹುಟ್ಟಿತ್ತು. ಗ್ರಾಮಾಫೋನ್ ಕಂಪನಿ ಭಾರತದಲ್ಲಿ ಮಾಡಿದ ಮೊದಲ ಮುದ್ರಣಗಳ ಪಟ್ಟಿಯನ್ನು ಸಂಖ್ಯೆ ಸಮೇತ ಮಾಡಿ ಪ್ರಕಟಿಸಿದಾತ ಮೈಕೆಲ್ ಕಿನಿಯರ್ ಎಂಬ ಆಸ್ಟ್ರೇಲಿಯಾದವನು. ನಮ್ಮವರ ಹಾಡಿಗೆ ಅಷ್ಟು ದೂರದವನು ಪಟ್ಟಿ ಮಾಡಬೇಕಾಯಿತಲ್ಲ ಎಂದು ನಾಚಿಕೆಪಡುವುದೋ, ಸಂತೋಷಪಡುವುದೋ ನಿಮಗೆ ಬಿಟ್ಟದ್ದು.

ರಾಕ್ ಅಂಡ್ ರೋಲ್ ಮತ್ತು ನಮ್ಮ ಸಂಗೀತ ಒಂದೇ ತಟ್ಟೆಯ ಮೇಲೆ ಕೂತ ಒಂದು ಸಂದರ್ಭವಿದೆ. ಈ ಹುಡುಗನಿಗೆ ಅದು ಹಿಡಿಸೀತು. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಗುರು, ಶನಿ ಗ್ರಹಗಳತ್ತ ಕಳಿಸಿದರು. ಅವು ಮುಂದೆ ಸೌರವ್ಯೂಹವನ್ನೇ ದಾಟಿ ಹೋಗುತ್ತವೆಂದು ಗೊತ್ತಿತ್ತು. ಎಂದಾದರೂ ಯಾರಿಗಾದರೂ ಸಿಕ್ಕರೆ ಸಿಗಲಿ ಎಂದು ತಾಮ್ರದ, ಚಿನ್ನದ ಲೇಪದ ಒಂದು ರೆಕಾರ್ಡನ್ನು ಅವುಗಳಿಗೆ ಕಟ್ಟಿದರು. ಭೂಮಿಯ ಸಂಗೀತದಿಂದ ಆರಿಸಿದ್ದು 27 ತುಣುಕು. ರಾಕ್ ಅಂಡ್ ರೋಲ್‌ನಿಂದ ಒಂದು: ಚಕ್ ಬೆರಿ 1958ರಲ್ಲಿ ಹಾಡಿದ ‘ಜಾನಿ ಬಿ. ಗುಡ್’. ಭಾರತದಿಂದ ಒಂದು: ಕೇಸರಬಾಯಿ ಕೇರ್ಕರ್ ಹಾಡಿದ, ಭೈರವಿ ರಾಗದ ‘ಜಾತ ಕಹಾಂ ಹೋ’. ಕೇಸರಬಾಯಿ ಜೋಯಿಡಾದ ಗಡಿಯಾಚೆಗಿನ ಗೋವೆಯ ಕೇರಿ ಗ್ರಾಮದವರು, ಮನಸೂರರ ಗುರುಗಳ ತಂದೆ ಅಲ್ಲಾದಿಯಾ ಖಾನರ ಶಿಷ್ಯೆ.

ಆಯ್ಕೆ ಸುಲಭವಾಗಿ ಮುಗಿದಿತ್ತು. ತೊಂದರೆ ಬಂದದ್ದು ರೆಕಾರ್ಡು ಹುಡುಕುವುದರಲ್ಲಿ. ಸಂಗೀತಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಈ ಹಾಡೇ ಆಗಬೇಕೆಂದು ಹೇಳಿದ್ದರು, ಆದರೆ ಆ ಮುದ್ರಣ ಮಾರುಕಟ್ಟೆಯಿಂದ ಮರೆಯಾಗಿತ್ತು. ಕೊನೆಗೆ ಆ್ಯನ್ ಡ್ರುಯಾನ್ ಎಂಬವರಿಗೆ ಅದು ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ ಒಂದು ಭಾರತೀಯ ಕುಟುಂಬ ನಡೆಸುತ್ತಿದ್ದ ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ, ಮೇಜಿನ ಕೆಳಗಿನ ಧೂಳು ಹಿಡಿದ ರಟ್ಟಿನ ಪೆಟ್ಟಿಗೆಯಲ್ಲಿ. ಆ ಅಂಗಡಿಯವರು ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದರೆ ಭಾರತದ ಪಾಲಿನ ಆ ಹಾಡು ಬೇರೆಯಾಗುತ್ತಿತ್ತು. ಎಲ್ವಿಸ್ ತೀರಿಕೊಂಡದ್ದು 1977ರ ಆಗಸ್ಟ್ 16ರಂದು. ನಾಲ್ಕು ದಿನಕ್ಕೆ ಮೊದಲ ನೌಕೆ ಹೊರಟಿತು, ಸೆಪ್ಟೆಂಬರ್ 5ಕ್ಕೆ ಎರಡನೆಯದು. ಸೆಪ್ಟೆಂಬರ್ 16ರಂದು ಕೇಸರಬಾಯಿ ತೀರಿಕೊಂಡರು. 2012ರಲ್ಲಿ ವಾಯೇಜರ್-1 ಸೂರ್ಯನ ಪ್ರಭಾವದ ವಲಯವನ್ನು ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಹೋಯಿತು. ಮುಳ್ಳು ಹೇಗೆ ಇಡಬೇಕು, ಎಷ್ಟು ವೇಗದಲ್ಲಿ ತಿರುಗಿಸಬೇಕು ಎಂಬುದನ್ನು ಆ ತಟ್ಟೆಯ ಮುಚ್ಚಳದ ಮೇಲೆ ಚಿತ್ರ ಬರೆದು ಕಳಿಸಿದ್ದಾರೆ. ಪಾಪ, ಸಿಕ್ಕವರಿಗೆ ಗುಜರಿ ಅಂಗಡಿ ಎಂದರೇನೆಂದು ಗೊತ್ತಿರುವುದಿಲ್ಲ ಎಂದು ಆಶಿಸೋಣ.

ಈಗ ಟ್ರಂಕಿನ ಕೆಲಸ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಕೆಳಗಿನವು ಬಿರಿಯುತ್ತವೆ. ಪುಸ್ತಕದಂತೆ ನೇರವಾಗಿ ನಿಲ್ಲಿಸಿ. ಹಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ದಾಂಡೇಲಿಯ ಕಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಕೋಣೆಯ ಒಳಗೋಡೆಯ ಪಕ್ಕದ ಕಪಾಟು ಒಳ್ಳೆಯದು. ಒರೆಸಲು ಮೆತ್ತನೆಯ ಒಣ ಬಟ್ಟೆ ಸಾಕು. ಸ್ಪಿರಿಟ್ಟನ್ನು ಮಾತ್ರ ಎಂದೂ ಹಾಕಬೇಡಿ: ಮರಗೆಲಸದವರು ಅರಗನ್ನು ಕರಗಿಸಿ ಪಾಲಿಶ್ ಮಾಡುವುದೇ ಸ್ಪಿರಿಟ್ಟಿನಲ್ಲಿ, ತಟ್ಟೆಯ ಹಾಡೂ ಹಾಗೆಯೇ ಕರಗಿ ಹೋಗುತ್ತದೆ. ಕೀಲಿಯ ಪೆಟ್ಟಿಗೆಯ ಮೇಲೆ ಹಚ್ಚಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಅದರ ಉಕ್ಕಿನ ಮುಳ್ಳು, ಭಾರವಾದ ತಲೆ ಒಂದೊಂದು ಸಲಕ್ಕೂ ಗೆರೆಯನ್ನು ಸವೆಸುತ್ತದೆ. ಸಾಮಾನ್ಯ ಸಿನಿಮಾ ಪ್ಲೇಟು ಇದ್ದರೆ ಹಚ್ಚಿ ಕೇಳಿ, ಅಪರೂಪದ್ದು ಅನ್ನಿಸಿದರೆ ಬೇಡ. ದೊಡ್ಡ ಪ್ಲಾಸ್ಟಿಕ್ ತಟ್ಟೆಗೆಂದು ಮಾಡಿದ ಸೂಜಿಯೂ ಸಲ್ಲದು, 78ರ ಗೆರೆ ಅದಕ್ಕಿಂತ ಮೂರು ಪಟ್ಟು ಅಗಲ. ಅದಕ್ಕೆಂದೇ ಬೇರೆ ಸೂಜಿ ಸಿಗುತ್ತದೆ.

ಹಚ್ಚುವ ಮೊದಲು ಬರೆದುಕೊಳ್ಳುವ ಕೆಲಸವಿದೆ, ಅದೇ ನಿಜವಾದ ಕೆಲಸ. ಇನ್ನೂರು ಪುಟದ ನೋಟ್‌ಬುಕ್ ಒಂದು ತರಿಸಿ. ಲೇಬಲ್ಲಿನ ಮೇಲಿನ ಕಂಪನಿ, ಹಾಡಿದವರ ಹೆಸರು ಅಲ್ಲಿ ಹೇಗಿದೆಯೋ ಹಾಗೆಯೇ, ತಪ್ಪಿದ್ದರೆ ತಪ್ಪನ್ನೂ ಸೇರಿಸಿ. ಹಾಡು, ರಾಗ, ಭಾಷೆ, ತಟ್ಟೆಯ ಸಂಖ್ಯೆ. ಲೇಬಲ್ಲಿಗೂ ಗೆರೆ ಮುಗಿಯುವಲ್ಲಿಗೂ ನಡುವಿನ ನುಣುಪು ಜಾಗದಲ್ಲಿ ಇನ್ನೊಂದು ಸಂಖ್ಯೆ ಕೊರೆದಿರುತ್ತದೆ, ಟಾರ್ಚು ಓರೆಯಾಗಿ ಹಿಡಿದರೆ ಕಾಣುತ್ತದೆ. ಅದು ಅಚ್ಚಿನ ಸಂಖ್ಯೆ. ಹಾಡಿದ ಕಾಲವನ್ನು ಗೊತ್ತುಮಾಡಲು ಲೇಬಲ್ಲಿಗಿಂತ ಅದೇ ಹೆಚ್ಚು ನೆರವಾಗುತ್ತದೆ. ಒಡೆದ ತಟ್ಟೆಯನ್ನೂ ಬರೆಯಿರಿ. ಅಂಗಡಿಯ ಹೆಸರಿರುವ ಕಾಗದದ ಲಕೋಟೆ ಇದ್ದರೆ ಅದನ್ನು ಎಸೆಯಬೇಡಿ. ಯಾವ ಊರಿನಲ್ಲಿ ರೆಕಾರ್ಡು ಮಾರುವ ಅಂಗಡಿ ಇತ್ತು ಎಂಬುದಕ್ಕೆ ಆ ಲಕೋಟೆಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ನಾಟಕ ಕಂಪನಿಗಳ ಕನ್ನಡ ಪ್ಲೇಟುಗಳಿದ್ದರೆ ಅವನ್ನು ಮೇಲೆ ತೆಗೆದಿಡಿ. ಶಾಸ್ತ್ರೀಯ ಸಂಗೀತದವರ ಹಾಡನ್ನು ಹುಡುಕುವವರು ಇದ್ದಾರೆ, ನಾಟಕದವರ ದನಿಯನ್ನು ಕೇಳುವವರು ಕಡಿಮೆ.

ಕಾನೂನಿನ ಮಾತೂ ಒಂದಿಷ್ಟು. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1930ರ ದಶಕದ ತಟ್ಟೆಗಳ ಆ ಹಕ್ಕು ಎಂದೋ ಮುಗಿದಿದೆ. ಹಾಡು ಬರೆದವರ, ರಾಗ ಹಾಕಿದವರ ಹಕ್ಕಿನ ಲೆಕ್ಕ ಬೇರೆ, ಅವರು ತೀರಿಕೊಂಡ ಮೇಲೆ 60 ವರ್ಷ. ಸ್ವಂತ ಅಭ್ಯಾಸಕ್ಕೆ ಇಳಿಸಿಕೊಳ್ಳುವುದು ಒಂದು ಮಾತು, ಮಾರುವುದು ಇನ್ನೊಂದು.

ಓದಿನ ವಿಷಯದಲ್ಲಿ ನಾನು ತಂದೆಯವರ ಪಕ್ಷ. ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಹುಬ್ಬಳ್ಳಿ ಪ್ರಯಾಣ ಬೇಡ, ಹೊಸದಾಗಿ ಕೊಳ್ಳುವುದು ಬೇಡವೇ ಬೇಡ. ರವಿವಾರ ಒಂದು ಗಂಟೆ ಟ್ರಂಕಿನ ಪಟ್ಟಿ ಬರೆಯಲಿ. ತಂದೆಯವರು ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು. ಯಾವ ಪ್ಲೇಟು ಯಾವಾಗ ಮನೆಗೆ ಬಂತು, ಅಜ್ಜ ಯಾವುದನ್ನು ಮತ್ತೆ ಮತ್ತೆ ಹಚ್ಚುತ್ತಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ, ಮಗನಿಗೆ ಗೊತ್ತಿರುವುದಿಲ್ಲ, ಲೇಬಲ್ಲಿನ ಮೇಲೆ ಬರೆದಿರುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಮಾಡಬಹುದಾದ, ಕಾಸಿನ ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ರಾಕ್ ಅಂಡ್ ರೋಲ್ ಆಕಾಶದಿಂದ ಉದುರಿದ್ದಲ್ಲ. ಆಫ್ರಿಕದಿಂದ ಗುಲಾಮರಾಗಿ ಅಮೆರಿಕಕ್ಕೆ ಹೋದವರ ಮಕ್ಕಳು ಮೊಮ್ಮಕ್ಕಳು ಹೊಲದಲ್ಲಿ, ಚರ್ಚಿನಲ್ಲಿ ಕಟ್ಟಿದ ಹಾಡೇ ಅದರ ತಾಯಿಬೇರು. ಎಲ್ವಿಸ್ 1954ರಲ್ಲಿ ಹೆಸರು ಮಾಡಿದ ಆ ಮೊದಲ ಹಾಡು ಆರ್ಥರ್ ಕ್ರುಡಪ್ ಎಂಬ ಕರಿಯ ಗಾಯಕ 1946ರಲ್ಲಿಯೇ ರೆಕಾರ್ಡು ಮಾಡಿದ್ದು. ಅದೇ ಆಫ್ರಿಕದಿಂದ, ಬೇರೆ ಹಡಗುಗಳಲ್ಲಿ, ಬೇರೆ ದೊರೆಗಳ ಕೈಕೆಳಗೆ ನಮ್ಮ ಕರಾವಳಿಗೆ ಬಂದವರ ಸಂತತಿ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಿನ ಹಳ್ಳಿಗಳಲ್ಲಿದೆ. ಅವರೇ ಸಿದ್ದಿಯರು. ಅವರ ಡಮಾಮಿಯ ಬಡಿತ ಕೋಗಿಲಬನದವರಿಗೆ ಹೊಸತಲ್ಲ. ಮಗನ ಕೈಯಲ್ಲಿರುವ ಫೋನು ಗೈಸ್‌ಬರ್ಗ್ ಹೊತ್ತು ತಂದ ಯಂತ್ರಕ್ಕಿಂತ ಎಷ್ಟೋ ಚೆನ್ನಾಗಿ ದನಿ ಹಿಡಿಯುತ್ತದೆ. ಅನುಮತಿ ಕೇಳಿ ಹೋಗಲಿ. ಹಾಡಿದ ಅಜ್ಜಿಯ ಹೆಸರು, ಊರು, ತಾರೀಕು, ಯಾವ ಸಂದರ್ಭದ ಹಾಡು, ಯಾರಿಂದ ಕಲಿತದ್ದು ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಒಂದು ಪ್ರತಿಯನ್ನು ಮೊದಲು ಆ ಮನೆಗೇ ತಲುಪಿಸಲಿ.